ಸಿಮೆಂಟಿನ ಕೋಟೆಯೊಳಗಣ ಸೀಸ

ಲಾಸ್ ಏಂಜಲೀಸಿನ ಪೂರ್ವಕ್ಕಿರುವ ವಾಲ್‌ನಟ್ ಪಟ್ಟಣದ ಕನ್ನಡಿಗ ಓದುಗರೊಬ್ಬರು, ಸೀಸವೇ ಮೊದಲಾದ ಭಾರಲೋಹಗಳುಳ್ಳ ತ್ಯಾಜ್ಯವನ್ನು ಸಿಮೆಂಟಿನೊಡನೆ ಕಲಸಿ ಶಿಲೆಯಾಗಿಸಿದ ಬಳಿಕ ಅದು ಸರ್ವಕಾಲಕ್ಕೂ ನಿರಪಾಯವೇ ಎಂದು ಕೇಳಿರುವರು. ನೆರೆಯ ಸಿಟಿ ಆಫ್ ಇಂಡಸ್ಟ್ರಿಯಲ್ಲಿ ಹಳೆಯ ಬ್ಯಾಟರಿಗಳ ಸೀಸವನ್ನು ಕರಗಿಸಿ ಮರಳಿ ಪಡೆಯುವ ಕುಲುಮೆಯೂ, ವೆಸ್ಟ್ ಕೊವಿನಾದಲ್ಲಿ 1984ರವರೆಗೆ ಅಪಾಯಕರ ತ್ಯಾಜ್ಯವನ್ನು ನುಂಗುತ್ತಿದ್ದ ಬಿಕೆಕೆ ಹೂಳುನೆಲವೂ ಇರುವುದರಿಂದ ಈ ಪ್ರಶ್ನೆ ಸಹಜವಾದುದೇ. ಸಂಸ್ಕರಿಸದ ಅಪಾಯಕರ ತ್ಯಾಜ್ಯವನ್ನು ನೆಲದಲ್ಲಿ ಹೂಳುವುದನ್ನು ಹಂತಹಂತವಾಗಿ ನಿಷೇಧಿಸುವ ಶಾಸನವನ್ನು ಅಮೆರಿಕದ ಕಾಂಗ್ರೆಸ್ಸು ಅದೇ 1984ರಲ್ಲಿ ಅಂಗೀಕರಿಸಿದ ಮೇಲೆ ಸಿಮೆಂಟಿನ ಈ ಪ್ರಯೋಗಕ್ಕೆ ವಿಶೇಷ ಪ್ರಾಮುಖ್ಯ ದೊರೆಯಿತು.

ಸೀಸವು ಮೂಲಧಾತು, ಅದನ್ನು ಸುಟ್ಟು ಇಲ್ಲವಾಗಿಸುವಂತಿಲ್ಲ, ಬಂಧಿಸಬಹುದಷ್ಟೆ. ಆ ಬಂಧನವನ್ನು ಚಿತ್ರದುರ್ಗದ ಕೋಟೆಗೆ ಹೋಲಿಸಬಹುದು. ಏಳು ಸುತ್ತಿನ ಗೋಡೆಗಳಿದ್ದೂ ಶತ್ರುವಿಗೆ ಒಂದು ಕಿಂಡಿ ದೊರೆತುದನ್ನೂ, ಆ ಕಿಂಡಿಯಲ್ಲಿ ದುರ್ಗವನ್ನು ಉಳಿಸಿದವಳು ಒನಕೆ ಹಿಡಿದ ಓಬವ್ವನೆಂಬುದನ್ನೂ ಬಲ್ಲ ನಮಗೆ, ಗಟ್ಟಿಯಾದ ಸಿಮೆಂಟಿನಲ್ಲಿಯೂ ಸೂಕ್ಷ್ಮರಂಧ್ರಗಳುಂಟು, ನೀರು ಅವುಗಳಲ್ಲಿ ನುಸುಳುವುದು ಎಂದರೆ ಆಶ್ಚರ್ಯವೆನಿಸದು. ಇಲ್ಲಿ ಓಬವ್ವನ ಸ್ಥಾನದಲ್ಲಿ ನಿಂತಿರುವುದು ಸಿಮೆಂಟಿನ ಪ್ರಬಲವಾದ ಕ್ಷಾರತೆ. ಒಳಬಂದ ಆಮ್ಲವನ್ನು ತಟಸ್ಥಗೊಳಿಸಿ, ಲೋಹವನ್ನು ಕರಗದ ಹೈಡ್ರಾಕ್ಸೈಡಿನ ರೂಪದಲ್ಲಿ ಹಿಡಿದಿಡುವುದು ಅದೇ. ವಾಯುವಿನ ಇಂಗಾಲದ ಡೈಆಕ್ಸೈಡು ದೀರ್ಘಕಾಲದಲ್ಲಿ ಆ ಕಾವಲನ್ನು ಕುಂದಿಸುತ್ತದೆ.

ಹಾಗೆಂದು ಸಿಮೆಂಟು ಹೆಚ್ಚಿದಷ್ಟೂ ಕ್ಷೇಮವೆಂದು ಭಾವಿಸಲಾಗದು. ಸೀಸವು ಆಮ್ಲದಲ್ಲಿ ಕರಗುವಂತೆಯೇ, ಪಿಎಚ್ 12ನ್ನು ಮೀರಿದ ತೀವ್ರ ಕ್ಷಾರದಲ್ಲಿಯೂ ಮರಳಿ ಕರಗತೊಡಗುವ ಉಭಯಸ್ವಭಾವದ ಲೋಹ. ಷಟ್‌ಸಂಯೋಜಕ ಕ್ರೋಮಿಯಮ್ಮಂತೂ ಕ್ಷಾರಕ್ಕೆ ಮಣಿಯದು. ಅದನ್ನು ಮೊದಲು ಫೆರಸ್ ಸಲ್ಫೇಟಿನಂತಹ ದ್ರವ್ಯದಿಂದ ತ್ರಿಸಂಯೋಜಕ ರೂಪಕ್ಕೆ ಇಳಿಸಿದ ಮೇಲೆಯೇ ಸಿಮೆಂಟಿಗೆ ಒಪ್ಪಿಸಬೇಕು. ಸತುವು ಮತ್ತು ಸೀಸದ ಲವಣಗಳೋ ಸಿಮೆಂಟು ಗಟ್ಟಿಯಾಗುವುದನ್ನೇ ವಿಳಂಬಗೊಳಿಸುವುವು. ಆದುದರಿಂದ ಪ್ರತಿಯೊಂದು ತ್ಯಾಜ್ಯಕ್ಕೂ ಅದರದೇ ಪಾಕ ಬೇಕು.

ತ್ಯಾಜ್ಯದಿಂದ ಲೋಹವೆಷ್ಟು ಹೊರಸೋರುವುದೆಂದು ಅಳೆಯುವ ಪರೀಕ್ಷೆಯ ವಿಷಯದಲ್ಲಿಯೂ ಎಚ್ಚರವಿರಲಿ. ಅಮೆರಿಕದ ಕೇಂದ್ರ ಸರಕಾರದ ವಿಧಾನದಲ್ಲಿ ತ್ಯಾಜ್ಯವನ್ನು ಅಸಿಟಿಕ್ ಆಮ್ಲದ ದ್ರಾವಣದಲ್ಲಿ 18 ಗಂಟೆ ತಿರುಗಿಸುವರು. ಕ್ಯಾಲಿಫೋರ್ನಿಯಾದ ವಿಧಾನದಲ್ಲಾದರೋ, ಸೀಸವನ್ನು ಸೆಳೆದುಕೊಳ್ಳುವುದರಲ್ಲಿ ಮಿಗಿಲಾದ ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ 48 ಗಂಟೆ. ಎರಡರಲ್ಲಿಯೂ ಸೀಸದ ಮಿತಿ ಲೀಟರಿಗೆ 5 ಮಿಲಿಗ್ರಾಮ್ ಆದರೂ, ಮೊದಲನೆಯದರಲ್ಲಿ ಉತ್ತೀರ್ಣವಾದುದು ಎರಡನೆಯದರಲ್ಲಿ ಸೋಲಬಹುದು.

ಸಿಮೆಂಟಿನ ಬಂಧನ ಉಪಯುಕ್ತವಾದುದೇ, ಶಾಶ್ವತವಾದುದಲ್ಲ. ‘ಸ್ಥಿರೀಕರಿಸಲಾಗಿದೆ’ ಎಂಬ ಪ್ರಕಟಣೆಯನ್ನು ಕಂಡಾಗ, ಯಾವ ದ್ರಾವಣದಲ್ಲಿ ಪರೀಕ್ಷಿಸಿದಿರಿ, ಹೂಳಿದ ಬಳಿಕ ಅಂತರ್ಜಲವನ್ನು ಯಾರು, ಎಷ್ಟು ಕಾಲ ಪರಿಶೀಲಿಸುವರು ಎಂಬೆರಡು ಪ್ರಶ್ನೆಗಳನ್ನು ಓದುಗರು ಸಂಕೋಚವಿಲ್ಲದೆ ಕೇಳಬೇಕು.