ಬಂಧನದ ನಂತರ: ಗಡಿನಾಡಿನ ಕನ್ನಡ ಕುಟುಂಬ ಮತ್ತು ನ್ಯಾಯಾಡಳಿತದ ಭಾಷೆ

ಮನೆಯ ಒಬ್ಬರ ದಸ್ತಗಿರಿಯಾದಾಗ ಉಳಿದವರ ಮುಂದೆ ಎರಡು ಅಪರಿಚಿತ ಭಾಷೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಒಂದು ಕಾನೂನಿನ ಪರಿಭಾಷೆ. ಅದು ಎಲ್ಲ ಸೀಮೆಯ ಸಾಮಾನ್ಯರಿಗೂ ಅಪರಿಚಿತವೇ. ಇನ್ನೊಂದು ಠಾಣೆ, ನ್ಯಾಯಾಲಯ, ಕಾರಾಗೃಹಗಳ ಆಡಳಿತ ಭಾಷೆ. ಈ ಎರಡನೆಯ ಭಾರ ಗಡಿನಾಡಿನ ಭಾಷಾ ಅಲ್ಪಸಂಖ್ಯಾತರ ಪಾಲಿಗೆ ಹೆಚ್ಚುವರಿಯಾಗಿ ಬೀಳುತ್ತದೆ. ಮಂಜೇಶ್ವರದ ಮನೆಗೆ ಮಲಯಾಳದ ಕಾಗದ, ಜತ್ತದ ಮನೆಗೆ ಮರಾಠಿಯದು, ತಾಳವಾಡಿಗೆ ತಮಿಳಿನದು, ಮಡಕಶಿರಕ್ಕೆ ತೆಲುಗಿನದು. ಸಂತೆ, ಬಸ್ಸು, ರೇಷನ್ ಅಂಗಡಿಗಳಲ್ಲಿ ಆ ಭಾಷೆಯನ್ನು ಸಲೀಸಾಗಿ ಆಡುವವರೂ ಪಂಚನಾಮೆಯ ಮುಂದೆ ಅನಕ್ಷರಸ್ಥರಾಗುತ್ತಾರೆ. ಕಾನೂನು ಬಂಧಿತನ ಭಾಷೆಯನ್ನು ಕೆಲವು ಹಂತಗಳಲ್ಲಿ ಬಲವಾಗಿ ಕಾಯುತ್ತದೆ, ಕೆಲವು ಹಂತಗಳಲ್ಲಿ ಸುಮ್ಮನಿರುತ್ತದೆ. ಎಲ್ಲಿ ಕೇಳಬಹುದು, ಎಲ್ಲಿ ತಾವೇ ವ್ಯವಸ್ಥೆ ಮಾಡಿಕೊಳ್ಳಬೇಕು ಎಂಬುದನ್ನು ತಿಳಿಯಲು ಈ ಹಂತಗಳನ್ನು ಕ್ರಮವಾಗಿ ನೋಡುವುದು ಅಗತ್ಯ.

ಮೊದಲ 24 ಗಂಟೆಗಳು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಂ ಪ್ರಕಾರ ಪೊಲೀಸರು ಬಂಧನದ ಜ್ಞಾಪನಪತ್ರವನ್ನು ಸಿದ್ಧಪಡಿಸಿ, ಕುಟುಂಬದ ಸದಸ್ಯರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಪಡೆಯಬೇಕು. ಬಂಧಿತನೂ ಅದಕ್ಕೆ ಸಹಿ ಮಾಡಬೇಕು. ಬಂಧನದ ಸುದ್ದಿಯನ್ನೂ ಇರಿಸಿರುವ ಸ್ಥಳವನ್ನೂ ಬಂಧಿತನು ಸೂಚಿಸಿದವರಿಗೆ ತಿಳಿಸುವುದು 48ನೆಯ ಕಲಮಿನಂತೆ ಪೊಲೀಸರ ಕರ್ತವ್ಯ. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೆಯ ವಿಧಿಯ ಭರವಸೆಯೂ ಹೌದು.

ಭಾಷೆಯ ಹಕ್ಕು ಅತ್ಯಂತ ಬಲವಾಗಿರುವುದು ಈ ಹಂತದಲ್ಲಿಯೇ. 1962ರ ಹರಿಕಿಸನ್ ಪ್ರಕರಣ ಮುಂಜಾಗ್ರತಾ ಬಂಧನಕ್ಕೆ ಸಂಬಂಧಿಸಿದ್ದು. ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಹಿಂದಿಯಲ್ಲಿ ಬಾಯಿಮಾತಿನಿಂದ ವಿವರಿಸಿದರೆ ಸಾಲದು, ಬಂಧಿತನು ಬಲ್ಲ ಭಾಷೆಯಲ್ಲಿಯೇ ಅವು ಅವನನ್ನು ಮುಟ್ಟಬೇಕು ಎಂದು ಸುಪ್ರೀಂ ಕೋರ್ಟ್ ಅಂದು ಹೇಳಿತು. ಸಾಮಾನ್ಯ ಅಪರಾಧ ಪ್ರಕರಣಗಳಿಗೆ ಈ ತತ್ತ್ವ ಸ್ಪಷ್ಟವಾಗಿ ಅನ್ವಯವಾಗಲು ಆರು ದಶಕಗಳು ಬೇಕಾದವು. 2025ರ ಫೆಬ್ರವರಿಯ ವಿಹಾನ್ ಕುಮಾರ್ ತೀರ್ಪು ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದಿತು. ಅದೇ ವರ್ಷ ನವೆಂಬರಿನ ಮಿಹಿರ್ ರಾಜೇಶ್ ಶಾ ತೀರ್ಪು ಎಲ್ಲ ಅಪರಾಧಗಳಲ್ಲೂ ಅವುಗಳನ್ನು ಬರಹದಲ್ಲಿ ಕೊಡಬೇಕೆಂದು ವಿಧಿಸಿತು. ತಕ್ಷಣ ಬರೆದುಕೊಡಲು ಸಾಧ್ಯವಾಗದ ಸಂದರ್ಭದಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತ ಕಾರಣಗಳು ಬಂಧಿತನ ಕೈಸೇರಬೇಕು. ಕನ್ನಡವನ್ನಷ್ಟೇ ಓದಬಲ್ಲವರು ಕನ್ನಡದ ಪ್ರತಿಯನ್ನು ಕೇಳುವುದು ಆದ್ದರಿಂದ ದಾಕ್ಷಿಣ್ಯದ ಬೇಡಿಕೆಯಲ್ಲ. ಅದು ಸಿಗದಿದ್ದರೆ ಮೊದಲ ಹಾಜರಾತಿಯಲ್ಲಿಯೇ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಗಮನಕ್ಕೆ ತರಬೇಕು. ಓದಲಾಗದ ಕಾಗದಕ್ಕೆ ಸಹಿ ಹಾಕಲೇಬೇಕಾಗಿ ಬಂದಲ್ಲಿ, ಅದನ್ನು ತನಗೆ ಯಾವ ಭಾಷೆಯಲ್ಲಿ ಓದಿ ಹೇಳಲಾಯಿತು ಎಂಬುದನ್ನು ಸಹಿಯ ಬಳಿ ಕನ್ನಡದಲ್ಲಿ ಬರೆಯುವುದು ವಿವೇಕ.

ನೆರೆಯ ಪದ, ಬೇರೆ ಅರ್ಥ

ಗಡಿಭಾಷೆಗಳ ನಂಟಸ್ತಿಕೆ ಇಲ್ಲಿ ನೆರವಿನಷ್ಟೇ ತೊಡಕನ್ನೂ ತರುತ್ತದೆ. ಮರಾಠಿಯ ‘ಪೋಲೀಸ್ ಕೋಠಡಿ’, ‘ನ್ಯಾಯಾಲಯೀನ ಕೋಠಡಿ’ ಎಂಬವು ಕ್ರಮವಾಗಿ ಪೊಲೀಸ್ ವಶ ಮತ್ತು ನ್ಯಾಯಾಂಗ ಬಂಧನವನ್ನು ಹೇಳುತ್ತವೆ. ಕನ್ನಡದ ಕಿವಿಗೆ ಎರಡೂ ಯಾವುದೋ ಕೋಣೆಯಾಗಿ ಕೇಳುತ್ತವೆ. ಮರಾಠಿಯ ‘ಚೌಕಶಿ’ ತನಿಖೆಯ ಪ್ರಶ್ನೋತ್ತರ. ಕನ್ನಡದ ‘ಚೌಕಾಶಿ’ ಬೆಲೆಯ ಜಗ್ಗಾಟ. ಮಲಯಾಳದ ‘ತಡವು’ ಸೆರೆವಾಸ. ಕನ್ನಡದಲ್ಲಿ ಅದು ವಿಳಂಬ. ತಮಿಳಿನ ‘ಕೈದು’ ಬಂಧನದ ಕ್ರಿಯೆ. ಕನ್ನಡದ ‘ಕೈದು’ ಹಳೆಯ ಕಾವ್ಯಗಳ ಆಯುಧ. ಮಲಯಾಳದ ‘ವಿಚಾರಣ’ ನ್ಯಾಯಾಲಯದ ವಿಚಾರಣೆಯನ್ನು ಹೇಳಿದರೆ, ಕನ್ನಡದ ‘ವಿಚಾರಣೆ’ ಠಾಣೆಯ ಪ್ರಶ್ನೋತ್ತರಕ್ಕೂ ನ್ಯಾಯಾಲಯದ ಕಲಾಪಕ್ಕೂ ಸಲ್ಲುತ್ತದೆ. ‘ವಿಚಾರಣೆ ಮುಗಿಯಿತು’ ಎಂಬ ಮಾತನ್ನು ನಂಬಿ ಬಿಡುಗಡೆಯನ್ನು ನಿರೀಕ್ಷಿಸುವ ಮನೆಯವರಿಗೆ ಮುಗಿದದ್ದು ಠಾಣೆಯ ಪ್ರಶ್ನೆಗಳು ಮಾತ್ರ ಎಂಬುದು ತಿಳಿಯದೆ ಹೋಗಬಹುದು. ಆದ್ದರಿಂದ ಕುಟುಂಬವು ಪದದ ಅರ್ಥವನ್ನು ಊಹಿಸುವ ಬದಲು ಮೂರು ವಿವರಗಳನ್ನು ಬರೆಸಿಕೊಳ್ಳಬೇಕು: ಅಪರಾಧದ ಸಂಖ್ಯೆ, ಹಚ್ಚಿದ ಕಲಂಗಳು, ಮುಂದಿನ ತಾರೀಖು. ಅಂಕಿಗಳಿಗೆ ಅನುವಾದ ಬೇಡ.

ಅವಧಿಗಳ ಲೆಕ್ಕ

ಮೊದಲ ಹಾಜರಾತಿಯ ನಂತರ ಬಂಧಿತನನ್ನು ಪೊಲೀಸ್ ವಶಕ್ಕೆ ಕೊಡಬಹುದು ಅಥವಾ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಬಹುದು. ಪೊಲೀಸ್ ವಶ ಒಟ್ಟು 15 ದಿನಗಳನ್ನು ಮೀರುವಂತಿಲ್ಲ. ಆದರೆ 187ನೆಯ ಕಲಂ ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಕೇಳಲು ಅವಕಾಶ ಕೊಡುತ್ತದೆ. ಜೈಲಿಗೆ ಹೋದವರನ್ನು ಮತ್ತೆ ಠಾಣೆಗೆ ಕರೆದೊಯ್ದರೆ ಹೊಸ ಪ್ರಕರಣ ದಾಖಲಾಯಿತೆಂದೇ ತಿಳಿಯಬೇಕಿಲ್ಲ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗಿ ದೊರೆಯುತ್ತದೆ. ಈ ಹಕ್ಕನ್ನು ಕೇಳಿ ಪಡೆಯಬೇಕು; ಕೇಳುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಅದು ಕೈತಪ್ಪುತ್ತದೆ. ದಿನಗಳನ್ನು ಎಣಿಸುವವರು ಮನೆಯಲ್ಲಿ ಒಬ್ಬರಿರಬೇಕು.

ಭೇಟಿ ಮತ್ತು ಪತ್ರ

ಭೇಟಿಯ ದಿನ, ಅವಧಿ, ಗುರುತಿನ ಚೀಟಿಗಳ ನಿಯಮ ಆಯಾ ರಾಜ್ಯದ ಕಾರಾಗೃಹ ನಿಯಮಾವಳಿಯಂತೆ ಬದಲಾಗುತ್ತವೆ. ಹಲವೆಡೆ ‘ಇ-ಮುಲಾಕಾತ್’ ವ್ಯವಸ್ಥೆಯಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಬಹುದು. ಪತ್ರಗಳ ವಿಷಯ ಭಾಷೆಗೆ ನೇರವಾಗಿ ತಗಲುತ್ತದೆ. ಕೈದಿಯ ಪತ್ರಗಳನ್ನು ಅಧೀಕ್ಷಕರು ಪರಿಶೀಲಿಸುತ್ತಾರೆ; 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ ತಮಗೆ ತಿಳಿಯದ ಭಾಷೆಯ ಪತ್ರವನ್ನು ಅವರು ಅನುವಾದ ಮಾಡಿಸಿ ಮುಂದಕ್ಕೆ ಕಳಿಸಬೇಕು. ಕಾಸರಗೋಡಿನಲ್ಲಿ ಕನ್ನಡ ಬಲ್ಲ ಸಿಬ್ಬಂದಿ ಸಿಕ್ಕಾರು. ಕಣ್ಣೂರು, ಯೆರವಡಾ, ಕೊಯಮತ್ತೂರಿನಂಥ ಕೇಂದ್ರ ಕಾರಾಗೃಹಕ್ಕೆ ಸ್ಥಳಾಂತರವಾದರೆ ಅದೇ ಪತ್ರ ಅನುವಾದಕರಿಗಾಗಿ ಕಾಯಬೇಕಾಗಬಹುದು. ಉತ್ತರ ಬಾರದ ಮನೆಯವರು ಅದನ್ನು ಕೈದಿಯ ಮುನಿಸೆಂದೋ ಕಾಯಿಲೆಯೆಂದೋ ಭಾವಿಸುವ ಮೊದಲು ಈ ವಿಳಂಬವನ್ನು ನೆನೆಯಬೇಕು. ಇಂಥ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಜಾಮೀನುದಾರನ ಊರು

ಜಾಮೀನು ಆದೇಶ ಸಿಕ್ಕಿದರೂ ಬಿಡುಗಡೆ ನಿಲ್ಲುವುದು ಹೆಚ್ಚಾಗಿ ಜಾಮೀನುದಾರನ ವಿಷಯದಲ್ಲಿ. ಗಡಿನಾಡಿನ ಕುಟುಂಬಗಳ ಬೀಗತನ, ಜಮೀನು ಎರಡೂ ರಾಜ್ಯಗಳಲ್ಲಿ ಹರಡಿರುತ್ತವೆ. ಅಕ್ಕಲಕೋಟೆಯ ಆರೋಪಿಗೆ ನಿಲ್ಲಬಲ್ಲ ಸೋದರಮಾವನ ಪಹಣಿ ಅಫಜಲಪುರದ್ದಾಗಿರುತ್ತದೆ. ನ್ಯಾಯಾಲಯದ ಸಿಬ್ಬಂದಿಗೆ ಪರಿಚಿತವಾದದ್ದು ಸಾತ್‌ಬಾರಾ ಉತಾರೆ. 1978ರ ಮೋತಿರಾಮ್ ಪ್ರಕರಣದಲ್ಲಿ, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಸೋದರನ ಜಾಮೀನನ್ನು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ತಪ್ಪೆಂದಿತು. ದೂರದ ಊರಿನಲ್ಲಿ ಬಂಧಿತನಾದ ಮಲಯಾಳಿಯೋ ಕನ್ನಡಿಗನೋ ಸ್ಥಳೀಯ ಆಸ್ತಿವಂತರನ್ನು ಎಲ್ಲಿಂದ ತರಬೇಕೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದರಲ್ಲಿ ಕೇಳಿದರು. ಪ್ರಾದೇಶಿಕ ಭಾಷೆಯಲ್ಲಿಲ್ಲದ ಅರ್ಜಿ, ಹೊರಗಿನ ಜಾಮೀನುದಾರ ಎಂಬ ಕಾರಣಗಳಿಗೆ ಕಾನೂನಿನ ಆಧಾರವೆಲ್ಲಿದೆ ಎಂಬುದೂ ಅವರ ಪ್ರಶ್ನೆಯಾಗಿತ್ತು. ಕನ್ನಡದ ಪಹಣಿಯೊಂದಿಗೆ ಆ ರಾಜ್ಯದ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಅನುವಾದ ಇಟ್ಟು ಈ ತೀರ್ಪನ್ನು ಉಲ್ಲೇಖಿಸುವುದು ವಕೀಲರಿಗೆ ಸಾಧ್ಯ. ಆದೇಶವಾಗಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂಬುದು 2023ರ ಜನವರಿಯ ಸುಪ್ರೀಂ ಕೋರ್ಟ್ ನಿರ್ದೇಶನ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವಿದೆ. ಸಹಾಯವಾಣಿಯ ಸಂಖ್ಯೆ 15100.

ಕಾನೂನು ಸುಮ್ಮನಾಗುವ ಜಾಗ

ಕೆಳ ನ್ಯಾಯಾಲಯಗಳ ಭಾಷೆಯನ್ನು 307ನೆಯ ಕಲಮಿನಡಿ ರಾಜ್ಯ ಸರ್ಕಾರ ನಿರ್ಧರಿಸುತ್ತದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ, ಅದನ್ನು ಅವನು ಬಲ್ಲ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ವಿವರಿಸಬೇಕೆಂದು 314ನೆಯ ಕಲಂ ಹೇಳುತ್ತದೆ. ಆದರೆ ಔಪಚಾರಿಕ ರುಜುವಾತಿಗೆ ಸಲ್ಲಿಸಿದ ದಾಖಲೆಗಳಲ್ಲಿ ಎಷ್ಟನ್ನು ವಿವರಿಸಬೇಕೆಂಬುದು ನ್ಯಾಯಾಲಯದ ವಿವೇಚನೆ. ದೋಷಾರೋಪ ಪಟ್ಟಿಯ ಪ್ರತಿ ಆರೋಪಿಗೆ ಉಚಿತವಾಗಿ ಸಿಗುತ್ತದೆ. ನೂರಾರು ಪುಟಗಳ ಆ ಕಡತದ ಬಹುಭಾಗ ಅನ್ಯಭಾಷೆಯಲ್ಲಿಯೇ ಉಳಿಯುತ್ತದೆ. ಬಾಯಿಮಾತಿಗೆ ದುಭಾಷಿಯುಂಟು, ಬರಹಕ್ಕೆ ಖಾತರಿಯಿಲ್ಲ.

ಈ ತೆರವನ್ನು ಸದ್ಯಕ್ಕೆ ತುಂಬುವವರು ಶಾಲೆಯ ಮಾಸ್ತರು, ಪಂಚಾಯತಿಯ ಗುಮಾಸ್ತ, ಕಾಲೇಜು ಓದುವ ಮಗಳು. ಅವರ ಅನುವಾದದ ಮೇಲೆ ಒಂದು ಮನೆ ತನ್ನ ಹೊಲವನ್ನು ಅಡವಿಡಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಅವರ ಕೈಗೆ ಒಂದು ಪದಕೋಶವನ್ನೂ ಯಾರೂ ಕೊಟ್ಟಿಲ್ಲ. ಬಂಧನದಿಂದ ಬಿಡುಗಡೆಯವರೆಗಿನ ಪರಿಭಾಷೆಯನ್ನು ಕನ್ನಡ, ಮಲಯಾಳ, ತಮಿಳು, ಮರಾಠಿ, ತೆಲುಗುಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಪುಟ್ಟ ಕೈಪಿಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕನ್ನಡ ಬಲ್ಲ ಅರೆಕಾನೂನು ಸ್ವಯಂಸೇವಕರ ಹೆಸರಿನ ಪಟ್ಟಿ: ಎರಡೂ ಗಡಿನಾಡಿನ ದ್ವಿಭಾಷಿಕ ವಿದ್ವಾಂಸರ ಅಳವಿನಲ್ಲಿರುವ ಕೆಲಸಗಳು. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಚರ್ಚೆ ಬಹುಕಾಲ ಶಾಲೆಯ ಹೊಸ್ತಿಲಲ್ಲಿ ನಡೆದಿದೆ. ಅದು ಠಾಣೆಯ ಮೆಟ್ಟಿಲಿಗೂ ಬರಬೇಕಾಗಿದೆ.