ಚಾಣವೂ ಕೈಯೂ: ಶಾಸನ ಕಂಡರಣೆಯಲ್ಲಿ ಉಪಕರಣದ ಪಾಲು, ಕೌಶಲದ ಪಾಲು

ಪ್ರಾಚೀನ ಶಾಸನವೊಂದರ ಅಕ್ಷರಗಳು ದುಂಡಾಗಿ, ಸಮವಾಗಿ ಇದ್ದರೆ ಕಂಡರಿಸಿದವನ ಕೈಚಳಕವನ್ನು ಹೊಗಳುತ್ತೇವೆ. ಅವು ಒರಟಾಗಿ, ಕೋನಕೋನವಾಗಿ ಇದ್ದರೆ ಕೈ ಪಳಗಿರಲಿಲ್ಲವೆನ್ನುತ್ತೇವೆ. ಇಲ್ಲವೆ ಶಾಸನವೇ ಹೆಚ್ಚು ಹಳೆಯದೆಂದು ಊಹಿಸುತ್ತೇವೆ. ಅಕ್ಷರದ ರೂಪದಲ್ಲಿ ಕೈಯ ಪಾಲೆಷ್ಟು, ಉಪಕರಣದ ಪಾಲೆಷ್ಟು, ಶಿಲೆಯ ಪಾಲೆಷ್ಟು ಎಂದು ವಿಂಗಡಿಸದೆ ಹೀಗೆ ತೀರ್ಮಾನಿಸುವುದು ಸರಿಯಲ್ಲ. ಕಾಲೋಲ್ಲೇಖವಿಲ್ಲದ ವೀರಗಲ್ಲು, ಮಾಸ್ತಿಕಲ್ಲುಗಳ ಕಾಲವನ್ನು ಅನೇಕ ವೇಳೆ ಲಿಪಿಯೊಂದರಿಂದಲೇ ನಿರ್ಣಯಿಸಬೇಕಾಗುವುದರಿಂದ, ಇತಿಹಾಸದ ವಿದ್ಯಾರ್ಥಿಗೆ ಇದು ಬರಿಯ ಕುತೂಹಲದ ವಿಷಯವಲ್ಲ.

ಈ ವಿಚಾರಕ್ಕೆ ಹರಿಹರದ ಹರಿಹರೇಶ್ವರ ದೇವಾಲಯವು ತಕ್ಕ ಉದಾಹರಣೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಈ ಗುಡಿಯು ಬಳಪದ ಕಲ್ಲಿನದು. ಇಲ್ಲಿ ತಿರುಗಣೆಯಲ್ಲಿ ಕಡೆದ ಕಂಬಗಳಿವೆ. ಕಲ್ಲನ್ನು ತಿರುಗಿಸುತ್ತ ಅದಕ್ಕೆ ಉಳಿಯನ್ನು ಒಡ್ಡಿದಾಗ ಮೂಡುವ ಸಮವಾದ ದುಂಡು, ಒಂದರ ಮೇಲೊಂದು ಬರುವ ನಯವಾದ ಬಳೆಗಳು, ಇವು ಬಹುಮಟ್ಟಿಗೆ ಯಂತ್ರದ ಕೊಡುಗೆ. ಇಂದು ಲೇತ್ ಎಂದು ಕರೆಯುವ ಯಂತ್ರದ ತತ್ತ್ವವೂ ಇದೇ. ಅದೇ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹಲವು ದಶಕಗಳ ಕಾಲ ಲೇತ್‌ಗಳನ್ನು ತಯಾರಿಸುತ್ತಿದ್ದುದು ಸ್ಮರಣೀಯ. ಆದರೆ ತಿರುಗಣೆಯು ದುಂಡನ್ನು ಮಾತ್ರ ಕೊಡಬಲ್ಲದು. ಅದೇ ಗುಡಿಯ ಶಾಸನಗಳ ಅಕ್ಷರಗಳಿಗೆ ಅದು ಯಾವ ರೀತಿಯಲ್ಲೂ ಒದಗದು. ಅಲ್ಲಿ ಇದ್ದುದು ಚಾಣ, ಸುತ್ತಿಗೆ ಮತ್ತು ಕೈ.

ಶಾಸನದ ಸಿದ್ಧತೆಯಲ್ಲಿ ಮೂರು ಕೆಲಸಗಳಿದ್ದವು. ಕವಿಯು ಪಾಠವನ್ನು ರಚಿಸುತ್ತಿದ್ದನು. ಲಿಪಿಕಾರನು ಅದನ್ನು ನಯಗೊಳಿಸಿದ ಕಲ್ಲಿನ ಮೇಲೆ ಬರೆಯುತ್ತಿದ್ದನು. ರೂವಾರಿಯು ಆ ಬರಹದ ಜಾಡಿನಲ್ಲಿ ಕಂಡರಿಸುತ್ತಿದ್ದನು. ಕೆಲವು ಶಾಸನಗಳು ಈ ಮೂವರನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತವೆ. ಶ್ರವಣಬೆಳಗೊಳದ 12ನೆಯ ಶತಮಾನದ ಶಾಸನಗಳನ್ನು ಕಂಡರಿಸಿದ ಗಂಗಾಚಾರಿಗೆ ‘ರೂವಾರಿ ಮುಖತಿಲಕ’ ಎಂಬ ಬಿರುದೇ ಇದ್ದಿತು. ಆದುದರಿಂದ ಅಕ್ಷರದ ಅಂದವು ಯಾರದೆಂದು ಕೇಳುವಾಗ ಬರೆದ ಕೈಯನ್ನೂ ಕೊರೆದ ಕೈಯನ್ನೂ ಬೇರ್ಪಡಿಸಿ ನೋಡಬೇಕು.

ಇನ್ನು ಶಿಲೆಯ ಪಾಲು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬಳಪದ ಸ್ಥಾನ 1. ಕಣಶಿಲೆಯಲ್ಲಿರುವ ಬೆಣಚಿನ ಸ್ಥಾನ 7. ಬಳಪದ ಕಲ್ಲಿನಲ್ಲಿ ಅನ್ಯ ಖನಿಜಗಳೂ ಬೆರೆತಿರುತ್ತವೆಯಾದರೂ ಅದು ಒಟ್ಟಿನಲ್ಲಿ ಮೃದು. ಅದರಲ್ಲಿ ಚಾಣವು ಕತ್ತಿಯಂತೆ ಹರಿಯುತ್ತದೆ. ಸಣ್ಣ ಅಕ್ಷರ, ತೆಳುವಾದ ಗೆರೆ, ಪೂರ್ಣವಾದ ಸುತ್ತು ಎಲ್ಲವೂ ಸಾಧ್ಯ. ಕಣಶಿಲೆಯಲ್ಲಿ ಚಾಣವು ಕೊಯ್ಯುವುದಿಲ್ಲ, ಹರಳುಗಳನ್ನು ಜಜ್ಜುತ್ತದೆ. ಚುಕ್ಕೆಯ ಪಕ್ಕದಲ್ಲಿ ಚುಕ್ಕೆಯನ್ನು ಹೊಡೆದು ಗೆರೆಯನ್ನು ಕೂಡಿಸಬೇಕು. ಸುತ್ತು ಕಿರಿದಾದಷ್ಟೂ ಅಂಚು ಸಿಡಿಯುವ ಭಯ ಹೆಚ್ಚು. ಹೀಗಾಗಿ ಅಕ್ಷರವು ಹಿರಿದಾಗುತ್ತದೆ, ಸುತ್ತು ಕೋನವಾಗುತ್ತದೆ, ತಲೆಕಟ್ಟು ಮೊಂಡಾಗುತ್ತದೆ. ಒಂದೇ ವರ್ಷದಲ್ಲಿ ಒಬ್ಬನೇ ರೂವಾರಿಯು ಈ ಎರಡು ಕಲ್ಲುಗಳಲ್ಲಿ ಕೆಲಸ ಮಾಡಿದರೂ ಲಿಪಿಯು ಎರಡು ಕಾಲದ್ದೆಂಬಂತೆ ತೋರಬಹುದು.

ತಾಮ್ರಶಾಸನಗಳಲ್ಲಿ ಉಪಕರಣದ ಗುರುತು ಇನ್ನೂ ಸ್ಪಷ್ಟ. ಚಾಲುಕ್ಯರ ತಾಮ್ರಪಟಗಳನ್ನು ಸಂಪಾದಿಸಿದ ಫ್ಲೀಟರು ಅಕ್ಷರದ ಒಳಮೈಯಲ್ಲಿ ಕಾಣುವ ಉಳಿಯ ಹೆಜ್ಜೆಗಳನ್ನೂ, ಕೊರೆತವು ಆಳವಾದಲ್ಲಿ ಹಿಂಬದಿಗೆ ಮೂಡಿದ ಅಕ್ಷರಗಳನ್ನೂ ಮತ್ತೆ ಮತ್ತೆ ಗುರುತಿಸಿದ್ದಾರೆ. ತಾಮ್ರವು ಬಡಿದಂತೆಲ್ಲ ಗಡಸಾಗುತ್ತದೆ. ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಈ ಹದವನ್ನು ಅರಿಯದವನಿಗೆ ಎಷ್ಟು ಒಳ್ಳೆಯ ಉಳಿಯಿದ್ದರೂ ಫಲವಿಲ್ಲ. ವಿಜಯನಗರದ ಕೃಷ್ಣದೇವರಾಯ, ಅಚ್ಯುತರಾಯರ ತಾಮ್ರಪಟಗಳನ್ನು ಕೊರೆದ ಮಲ್ಲಣನ ಮಗ ವೀರಣಾಚಾರ್ಯನ ಹೆಸರು ಆ ಪಟಗಳ ಕೊನೆಯಲ್ಲಿಯೇ ಬರುತ್ತದೆ. ಇಂತಹ ಅರಿವು ಮನೆತನದ ವಿದ್ಯೆಯಾಗಿ ತಂದೆಯಿಂದ ಮಗನಿಗೆ ಬರುತ್ತಿದ್ದುದೆಂದು ಭಾವಿಸಲು ಅವಕಾಶವಿದೆ.

ಉಪಕರಣ ಮತ್ತು ಕೌಶಲಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು ತೂಗುವ ಕ್ರಮವೇ ಹಳೆಯ ಕಸಬಿಗೆ ಒಪ್ಪುವುದಿಲ್ಲವೆಂದು ಇದರಿಂದ ತೋರುತ್ತದೆ. ಚಾಣದ ಮೊನೆಯು ಕಣಶಿಲೆಯ ಮೇಲೆ ಬಹುಬೇಗ ಮೊಂಡಾಗುತ್ತದೆ. ಅದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರಿಗೆ ಹಾಕಿ ಹದಗೊಳಿಸಬೇಕು. ಹದ ಹೆಚ್ಚಿದರೆ ಮೊನೆ ಮುರಿಯುತ್ತದೆ, ಕಡಿಮೆಯಾದರೆ ಮಡಿಚಿಕೊಳ್ಳುತ್ತದೆ. ಕಬ್ಬಿಣವು ಯಾವ ಬಣ್ಣಕ್ಕೆ ಕೆಂಪೇರಿದಾಗ ನೀರಿಗೆ ಹಾಕಬೇಕೆಂಬುದನ್ನು ಕಣ್ಣೇ ಹೇಳಬೇಕು. ಹೀಗೆ ಉಪಕರಣದ ಗುಣವೂ ಕೌಶಲದ ಒಂದು ಅಂಗವಾಗಿತ್ತು. ಈಗ ಟಂಗ್‌ಸ್ಟನ್ ಕಾರ್ಬೈಡ್ ಮೊನೆಯ ಉಳಿಯೂ, ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಯೂ, ಗಣಕಯಂತ್ರದ ಆಜ್ಞೆಯಂತೆ ಕೊರೆಯುವ ಯಂತ್ರವೂ ಇವೆ. ಇವು ದಣಿವನ್ನೂ ಕಾಲವನ್ನೂ ಉಳಿಸುತ್ತವೆ. ಹದದ ಚಿಂತೆಯನ್ನು ಕುಶಲಿಯಿಂದ ಕಾರ್ಖಾನೆಗೆ ವರ್ಗಾಯಿಸುತ್ತವೆ. ಆದರೆ ಅಕ್ಷರದ ಸ್ವರೂಪವನ್ನು ಯಾರಾದರೊಬ್ಬರು ಮೊದಲು ಬರೆದು ಕೊಡಲೇಬೇಕು.

ಹಾಗಾದರೆ ಕೈಯೊಂದಕ್ಕೇ ಸಲ್ಲುವ ಗುಣ ಯಾವುದು? ಪಂಕ್ತಿಯು ಉದ್ದಕ್ಕೂ ಒಂದೇ ಮಟ್ಟದಲ್ಲಿ ಸಾಗುವುದು, ಕೊರೆತದ ಆಳವು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುವುದು, ಕಲ್ಲಿನ ಬಿರುಕನ್ನು ಕಂಡು ಆ ಸ್ಥಳವನ್ನು ಬಿಟ್ಟು ಮುಂದಕ್ಕೆ ಹೋಗುವುದು, ಬಿಟ್ಟುಹೋದ ಅಕ್ಷರವನ್ನು ಸಣ್ಣ ಗುರುತಿನೊಡನೆ ಪಂಕ್ತಿಯ ಕೆಳಗೆ ಸೇರಿಸುವುದು, ತಾಮ್ರದಲ್ಲಿ ತಪ್ಪನ್ನು ಬಡಿದು ಸಮಮಾಡಿ ಅದರ ಮೇಲೆಯೇ ತಿದ್ದುವುದು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಕಲ್ಲಿನಲ್ಲಿ ಒಂದು ಪೆಟ್ಟು ಜಾರಿದರೆ ಹಿಂದಕ್ಕೆ ಬರುವಂತಿಲ್ಲ. ಈ ಲಕ್ಷಣಗಳು ಕಣಶಿಲೆಯ ಒರಟು ಅಕ್ಷರಗಳಲ್ಲಿಯೂ ಕಂಡರೆ, ಅಲ್ಲಿ ಪಳಗಿದ ಕೈಯೇ ದುಡಿದಿದೆಯೆನ್ನಬೇಕು.

ಆದುದರಿಂದ ಶಾಸನದ ಎದುರಿಗೆ ನಿಂತ ವಿದ್ಯಾರ್ಥಿಯು ಅಕ್ಷರದ ಕಾಲವನ್ನು ಕೇಳುವ ಮುನ್ನ ಕಲ್ಲು ಯಾವ ಜಾತಿಯದೆಂದು ಕೇಳಬೇಕು. ಬಳಿಕ ಅಕ್ಷರದ ಒಳಮೈಯಲ್ಲಿ ಚಾಣದ ಜಾಡನ್ನು ನೋಡಬೇಕು. ಆ ಮೇಲೆ ಕೈಯನ್ನು ಅಳೆಯಬೇಕು. ಕಾಗದದ ಪಡಿಯಚ್ಚಿನಲ್ಲಿ ಅಕ್ಷರದ ರೂಪವು ಬರುತ್ತದೆಯೇ ಹೊರತು ಶಿಲೆಯ ಜಾತಿಯು ಬರುವುದಿಲ್ಲ. ಲಿಪಿಯನ್ನು ಹೋಲಿಸುವಾಗ ಬಳಪದ ಕಲ್ಲನ್ನು ಬಳಪದ ಕಲ್ಲಿನೊಡನೆಯೂ, ಕಣಶಿಲೆಯನ್ನು ಕಣಶಿಲೆಯೊಡನೆಯೂ ಇಡುವುದು ಕ್ಷೇಮ. ನಮ್ಮ ಜಿಲ್ಲೆಯ ಊರುಗಳಲ್ಲಿ ಮಳೆಬಿಸಿಲಿಗೆ ಒಡ್ಡಿಕೊಂಡು ನಿಂತಿರುವ ವೀರಗಲ್ಲುಗಳ ಕ್ಷೇತ್ರಕಾರ್ಯದಲ್ಲಿ, ಪಡಿಯಚ್ಚಿನ ಜೊತೆಗೆ ಶಿಲೆಯ ಹೆಸರನ್ನೂ ಕೊರೆತದ ಆಳವನ್ನೂ ಗುರುತುಹಾಕಿಕೊಳ್ಳುವ ಪದ್ಧತಿಯನ್ನು ವಿದ್ಯಾರ್ಥಿಗಳು ರೂಢಿಸಿಕೊಂಡರೆ ಕಾಲನಿರ್ಣಯವು ಹೆಚ್ಚು ಭದ್ರವಾಗುತ್ತದೆ.