ಗಾಡಿಯೇರಿದ ಗಣಕಯಂತ್ರ

ಹೆಬ್ಬಾಳದಿಂದ ಉತ್ತರಾಭಿಮುಖವಾಗಿ ಹೊರಟ ಬಳ್ಳಾರಿ ರಸ್ತೆಯು ಯಲಹಂಕವನ್ನು ಹಿಂದಿಕ್ಕಿ, ಹುಣಸಮಾರನಹಳ್ಳಿಯನ್ನು ದಾಟಿ, ಸಾದಹಳ್ಳಿಯ ಸುಂಕದ ಗೇಟನ್ನು ತಲುಪುವುದಕ್ಕೆ ಮುನ್ನ ಚಿಕ್ಕಜಾಲವೆಂಬ ಊರನ್ನು ಹಾದುಹೋಗುತ್ತದೆ. ಪಾಳುಬಿದ್ದ ಕಲ್ಲಿನ ಕೋಟೆಯೊಂದು ಹೆದ್ದಾರಿಯ ಬದಿಯಲ್ಲಿಯೇ ನಿಂತಿರುವ ಈ ಊರಿನ ಮುಂದೆ, 2008ನೆಯ ಇಸವಿಯ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಂದಿನಿಂದ ಹಗಲಿರುಳೆನ್ನದೆ ಬಾಡಿಗೆ ಕಾರುಗಳ ಪ್ರವಾಹ. ಅದಕ್ಕೂ ಬಹಳ ಹಿಂದಿನಿಂದ ಸಾದಹಳ್ಳಿ, ಬೆಟ್ಟಹಲಸೂರುಗಳ ಕಲ್ಲುಚಪ್ಪಡಿಗಳನ್ನು ಹೊತ್ತ ಲಾರಿಗಳ ಸಂಚಾರ. ದಿನದ ಬಹುಭಾಗವನ್ನು ಚಾಲಕನ ಪೀಠದಲ್ಲಿಯೇ ಕಳೆಯತಕ್ಕ ಜನರ ದಾರಿ ಇದು. ಮನೆಯಲ್ಲಿ ಕುಳಿತು ಹಾಡು ಕೇಳುವ ವಿರಾಮ ಇವರಿಗಿಲ್ಲವಾದ್ದರಿಂದ, ಗಾಡಿಯೇ ಇವರ ಸಂಗೀತಶಾಲೆ.

ಇಂತಹ ದಾರಿಯ ಪಕ್ಕದಲ್ಲಿ, ವಾಹನಗಳ ವೈರಿಂಗ್ ಕೆಲಸ ನಡೆಯುವ ಒಂದು ಸಣ್ಣ ಅಂಗಡಿಯ ಮುಂದೆ, ಯಾವುದೋ ಕಚೇರಿಯವರು ನಿರುಪಯುಕ್ತವೆಂದು ಹೊರಗೆ ಹಾಕಿದ್ದ ಲ್ಯಾಪ್‌ಟಾಪ್ ಒಂದನ್ನು ಪ್ರವಾಸಿ ವ್ಯಾನಿನ ಪೀಠದ ಕೆಳಗೆ ಕೂರಿಸಿ, ಅದರಿಂದ ಹಾಡು ನುಡಿಸುವ ಕಾರ್ಯವನ್ನು ನಾನು ಆದ್ಯಂತವಾಗಿ ನೋಡಿದೆನು. ಅಂಗಡಿಗಳಲ್ಲಿ ಥಳಥಳಿಸುವ ಸಿದ್ಧ ಸ್ಟೀರಿಯೋಗಳು ಹೇರಳವಾಗಿ ದೊರೆಯುವ ಈ ಕಾಲದಲ್ಲಿ ಇಷ್ಟು ಶ್ರಮವೇಕೆಂದು ಕೇಳುವವರಿಗೆ ಉತ್ತರವನ್ನು ಮುಂದೆ ಹೇಳುವೆನು. ಆದರೆ ಮೊದಲಿಗೆ ಹೇಳಬೇಕಾದದ್ದು ಇಷ್ಟು: ಈ ಕಸುಬಿನಲ್ಲಿ ಸಂಗೀತವು ಕಟ್ಟಕಡೆಗೆ ಬರತಕ್ಕದ್ದು, ಗಣಕಯಂತ್ರವು ಹಾಡುವುದು ಸುಲಭ, ಗಾಡಿಯ ವಿದ್ಯುತ್ತಿನಲ್ಲಿ ಅದು ನೆಮ್ಮದಿಯಾಗಿ ಎಚ್ಚರಗೊಂಡು ನೆಮ್ಮದಿಯಾಗಿ ನಿದ್ರಿಸುವಂತೆ ಮಾಡುವುದೇ ವಿದ್ಯೆ.

ಚಲಿಸುವ ವಾಹನದಲ್ಲಿ ಗಾನವನ್ನು ಕೇಳಬೇಕೆಂಬ ಹಂಬಲವು ಹಳೆಯದು. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸಹೋದರರು ಕಾರಿನೊಳಗಿಡುವ ರೇಡಿಯೋವನ್ನು ಮೋಟೊರೋಲಾ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. 1956ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಗ್ರಾಮಫೋನ್ ತಟ್ಟೆಯನ್ನೇ ತಿರುಗಿಸುವ ಸಾಹಸ ನಡೆಯಿತಾದರೂ, ಅದಕ್ಕೆಂದೇ ಮುದ್ರಿಸಿದ ವಿಶೇಷ ತಟ್ಟೆಗಳಲ್ಲದೆ ಮನೆಯ ತಟ್ಟೆಗಳು ಅದರಲ್ಲಿ ನುಡಿಯದೆ ಹೋದುದರಿಂದ ಆ ಪ್ರಯೋಗವು ಬಹುಕಾಲ ಬಾಳಲಿಲ್ಲ. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಹೊರತಂದ ಕ್ಯಾಸೆಟ್ಟೇ ಗಾಡಿಗೆ ನಿಜವಾಗಿ ಒಗ್ಗಿದ ಸಾಧನ. ನಮ್ಮಲ್ಲಿ 1978ರಲ್ಲಿ ನಿಸಾರ್ ಅಹಮದರ ಗೀತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ವೆಂಬ ಕ್ಯಾಸೆಟ್ಟಾಗಿ ಹೊರಬಂದ ಮೇಲೆ ಭಾವಗೀತೆಯು ಸಭಾಂಗಣವನ್ನು ಬಿಟ್ಟು ಬೀದಿಗೂ ಬಸ್ಸಿಗೂ ಬಂದಿತು. ತೊಂಬತ್ತರ ದಶಕದಲ್ಲಿ ಧ್ವನಿಯನ್ನು ಹಿಡಿದು ಕುಗ್ಗಿಸುವ ಎಂಪಿ3 ಎಂಬ ಕ್ರಮವು ಬಳಕೆಗೆ ಬರಲು, ಗಣಕಯಂತ್ರವನ್ನೇ ಕಾರಿನಲ್ಲಿ ಇಟ್ಟರೆ ಹೇಗೆಂಬ ಯೋಚನೆ ಹಲವು ದೇಶಗಳ ಹವ್ಯಾಸಿಗಳಿಗೆ ಹೊಳೆಯಿತು. 1999ರಲ್ಲಿ ಇಂಗ್ಲೆಂಡಿನ ಎಂಪೆಗ್ ಎಂಬ ಸಣ್ಣ ಸಂಸ್ಥೆಯು ಲಿನಕ್ಸ್ ಆಧಾರದ ಮೇಲೆ ನಡೆಯುವ, ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ಹೊಟ್ಟೆಯಲ್ಲಿ ಹೊತ್ತ ಯಂತ್ರವನ್ನು ಕಾರಿನ ರೇಡಿಯೋ ಗೂಡಿನಲ್ಲಿ ಕೂರುವ ಗಾತ್ರಕ್ಕೆ ತಂದು ಮಾರಿತು. ಅದು ದುಬಾರಿಯಾಗಿತ್ತು, ಅದನ್ನು ಕೊಳ್ಳಲಾರದವರು ತಮ್ಮ ಮನೆಯ ಹಳೆಯ ಯಂತ್ರಗಳನ್ನು ಬಿಚ್ಚತೊಡಗಿದರು.

ಹಾಡಿನ ಕೆಲಸಕ್ಕೆ ಎಷ್ಟು ಹಳೆಯ ಯಂತ್ರವಾದೀತು? ಪೆಂಟಿಯಂ ಎಂಬ ಹೆಸರಿನ ಆದಿಕಾಲದ ಯಂತ್ರವೂ ಎಂಪಿ3ಯನ್ನು ಬಿಡಿಸಿ ನುಡಿಸಬಲ್ಲದು. ಲೆಕ್ಕವನ್ನು ನೋಡಿ: ಸಾಮಾನ್ಯ ಗುಣಮಟ್ಟದಲ್ಲಿ, ಎಂದರೆ ಸೆಕೆಂಡಿಗೆ 128 ಕಿಲೋಬಿಟ್ಟಿನಂತೆ ಹಿಡಿದ ಹಾಡು ನಿಮಿಷಕ್ಕೆ ಸರಿಸುಮಾರು ಒಂದು ಮೆಗಾಬೈಟ್ ಜಾಗವನ್ನು ತೆಗೆದುಕೊಳ್ಳುತ್ತದೆ. ಇಂದು ಯಾರೂ ಮೂಸಿ ನೋಡದ 40 ಗಿಗಾಬೈಟಿನ ಡಿಸ್ಕಿನಲ್ಲಿ ಐದೈದು ನಿಮಿಷದ ಎಂಟು ಸಾವಿರ ಹಾಡುಗಳು ಹಿಡಿಸುತ್ತವೆ. ಒಂದನ್ನೂ ಪುನರಾವರ್ತಿಸದೆ ಕೇಳುತ್ತ ಹೋದರೆ ಮುಗಿಯಲು ಹಗಲೂ ರಾತ್ರಿಯೂ ಸೇರಿ ಸುಮಾರು ನಾಲ್ಕು ವಾರ ಬೇಕು. ಪತ್ರ ಬರೆಯಲು ನಿಧಾನ, ಲೆಕ್ಕ ಮಾಡಲು ನಿಧಾನ ಎಂದು ದೂರಿ ಮೂಲೆಗೆಸೆದ ಯಂತ್ರದಲ್ಲಿ ಇಷ್ಟು ಸಾಮರ್ಥ್ಯ ಅಡಗಿರುವುದನ್ನು ಕಂಡಾಗ, ನಮ್ಮ ಎಸೆಯುವ ಆತುರದ ಬಗೆಗೆ ನನಗೆ ನಿಜವಾಗಿ ಖೇದವಾಗುತ್ತದೆ.

ಇನ್ನು ವಿದ್ಯುತ್ತಿನ ವಿಚಾರ. ಮನೆಯ ಗಣಕಯಂತ್ರವು 230 ವೋಲ್ಟಿನ ಪ್ರವಾಹವನ್ನು ಕುಡಿದು, ಒಳಗೆ ಅದನ್ನು 12, 5, 3.3 ವೋಲ್ಟುಗಳಾಗಿ ಒಡೆದುಕೊಳ್ಳುತ್ತದೆ. ಗಾಡಿಯಲ್ಲಿ ಇರುವುದು 12 ವೋಲ್ಟಿನ ಬ್ಯಾಟರಿ. ಲಾರಿ ಬಸ್ಸುಗಳಲ್ಲಿ 24. ಇನ್ವರ್ಟರ್ ಇಟ್ಟು 12ನ್ನು 230ಕ್ಕೆ ಏರಿಸಿ, ಯಂತ್ರದೊಳಗೆ ಮತ್ತೆ 12ಕ್ಕೆ ಇಳಿಸುವುದು ಎಲ್ಲರಿಗೂ ಮೊದಲು ತೋಚುವ ಮಾರ್ಗ; ಏರುವಾಗಲೂ ಇಳಿಯುವಾಗಲೂ ಶಕ್ತಿಯು ಶಾಖವಾಗಿ ಸೋರಿಹೋಗುವುದರಿಂದ ಅದು ಒಳ್ಳೆಯ ಮಾರ್ಗವಲ್ಲ. ಲ್ಯಾಪ್‌ಟಾಪಿಗೆ ಬೇಕಾದದ್ದು ಸುಮಾರು 19 ವೋಲ್ಟು; ಅಂಗೈಯಗಲದ ಪರಿವರ್ತಕವೊಂದು 12ನ್ನು ನೇರವಾಗಿ 19ಕ್ಕೆ ಏರಿಸಬಲ್ಲದು.

ಆದರೆ ಆ 12 ಎಂಬುದು ಹೆಸರಿಗೆ ಮಾತ್ರ. ಚಿಕ್ಕಜಾಲದ ಆ ಅಂಗಡಿಯಲ್ಲಿ ವ್ಯಾನಿನ ಬಾನೆಟ್ ಎತ್ತಿ, ಮೀಟರಿನ ಕೆಂಪು ಕಪ್ಪು ಕಡ್ಡಿಗಳನ್ನು ಬ್ಯಾಟರಿಯ ಎರಡು ಗೂಟಗಳಿಗೆ ಹಚ್ಚಿ ಹಿಡಿದ ಮೆಕ್ಯಾನಿಕ್ಕನು ಚಾಲಕನಿಗೆ “ಸೆಲ್ಫ್ ಹೊಡೆಯಿರಿ” ಎಂದು ಕೂಗಿದಾಗ, 12.5 ಎಂದು ತೋರುತ್ತಿದ್ದ ಅಂಕಿಯು ತಟಕ್ಕನೆ 9ಕ್ಕೆ ಕುಸಿದು, ಎಂಜಿನ್ ಹತ್ತಿಕೊಂಡ ಮರುಕ್ಷಣದಲ್ಲಿ 14ಕ್ಕೆ ನೆಗೆದು ಅಲ್ಲಿಯೇ ನಿಂತಿತು. ಈ ಕುಸಿತದ ಕ್ಷಣದಲ್ಲಿ ಯಾವ ಗಣಕಯಂತ್ರವಾದರೂ ಕಣ್ಣುಮುಚ್ಚಿ, ಮತ್ತೆ ಮೊದಲಿನಿಂದ ಏಳಬೇಕಾಗುತ್ತದೆ. ಇಲ್ಲಿಯೇ ಹಳೆಯ ಲ್ಯಾಪ್‌ಟಾಪಿನ ಸೋತ ಬ್ಯಾಟರಿಯು ಉಪಕಾರಕ್ಕೆ ಬರುತ್ತದೆ. ಐದು ನಿಮಿಷವೂ ನಿಲ್ಲುವುದಿಲ್ಲವೆಂದು ಕಚೇರಿಯವರು ತಿರಸ್ಕರಿಸಿದ ಆ ಬ್ಯಾಟರಿಗೆ ಇಲ್ಲಿ ವಹಿಸಿರುವ ಹೊಣೆಯು ಎರಡು ಮೂರು ಸೆಕೆಂಡುಗಳದ್ದು ಮಾತ್ರ. ಅಷ್ಟನ್ನು ಅದು ನಿಷ್ಠೆಯಿಂದ ನಿರ್ವಹಿಸುತ್ತದೆ.

ಎಚ್ಚರಿಸುವುದಕ್ಕಿಂತ ಮಲಗಿಸುವುದು ಕಷ್ಟ. ಕೀಲಿಯನ್ನು ತಿರುಗಿಸಿ ಇಳಿದು ಹೋಗುವ ಚಾಲಕನಿಗೆ ಯಂತ್ರವನ್ನು ಕ್ರಮವಾಗಿ ಮುಚ್ಚುವ ವ್ಯವಧಾನವಿರುವುದಿಲ್ಲ. ಹಠಾತ್ತನೆ ಪ್ರವಾಹವನ್ನು ಕಡಿದರೆ ಡಿಸ್ಕಿನಲ್ಲಿ ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೆ ನಿಂತು ಕೆಡುತ್ತದೆ. ಕಡಿಯದೆ ಬಿಟ್ಟರೆ, 20 ವ್ಯಾಟನ್ನು ಬಳಸುವ ಯಂತ್ರವು ಒಂದು ದಿನದಲ್ಲಿ ಹತ್ತಿರ ಹತ್ತಿರ 40 ಆಂಪಿಯರ್-ಗಂಟೆಗಳಷ್ಟನ್ನು ಹೀರಿ, ಸಾಧಾರಣ ಕಾರಿನ ಬ್ಯಾಟರಿಯನ್ನು ಪೂರ್ತಿಯಾಗಿ ಬರಿದುಮಾಡುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ವಿಮಾನ ಹಿಡಿಯುವ ಪ್ರಯಾಣಿಕರನ್ನು ಕರೆತರಬೇಕಾದ ಚಾಲಕನಿಗೆ ‘ಬ್ಯಾಟರಿ ಡೌನ್’ ಎಂಬುದು ಅಂದಿನ ಸಂಪಾದನೆಯೇ ಹೋದಂತೆ. ಆದುದರಿಂದ ಬಲ್ಲವರು ಎರಡು ತಂತಿಗಳನ್ನು ಎಳೆಯುತ್ತಾರೆ. ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ತಂತಿಯು ಯಂತ್ರಕ್ಕೆ ಅನ್ನ ನೀಡುತ್ತದೆ. ಇಗ್ನಿಷನ್ ಕೀಲಿಯಿಂದ ಬಂದ ಸಣ್ಣ ತಂತಿಯು ರಿಲೇಯ ಮೂಲಕ ಸುದ್ದಿಯನ್ನು ಮಾತ್ರ ಮುಟ್ಟಿಸುತ್ತದೆ. ಕೀಲಿ ತಿರುಗಿತೆಂಬ ಸುದ್ದಿ ಬಂದೊಡನೆ ಯಂತ್ರವು ತಾನಿದ್ದ ಸ್ಥಿತಿಯನ್ನು ಬರೆದಿಟ್ಟುಕೊಂಡು ನಿದ್ರೆಗೆ ಜಾರುತ್ತದೆ, ಒಂದೆರಡು ನಿಮಿಷ ಕಾದ ಟೈಮರ್ ಆ ಬಳಿಕ ಪ್ರವಾಹವನ್ನು ಸಂಪೂರ್ಣವಾಗಿ ಕಡಿಯುತ್ತದೆ. ದಪ್ಪ ತಂತಿಗೆ ಫ್ಯೂಸು ಬ್ಯಾಟರಿಯಿಂದ ಗೇಣಳತೆಯೊಳಗೆ ಇರಲೇಬೇಕು. ಇದನ್ನು ಅಲಕ್ಷಿಸಿದರೆ, ತಗಡಿನ ಅಂಚಿಗೆ ಉಜ್ಜಿ ಹರಿದ ತಂತಿಯೊಂದೇ ಗಾಡಿಯನ್ನು ಸುಡಲು ಸಾಕು. ಈ ವಿಷಯದಲ್ಲಿ ಯಾರ ಅವಸರಕ್ಕೂ ಮಣಿಯಬಾರದು.

ಕುಲುಕಾಟದ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಹಾರ್ಡ್ ಡಿಸ್ಕಿನಲ್ಲಿ ಓದುವ ಶಿರವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಮೆಯ ಅಂತರದಲ್ಲಿ ತೇಲುತ್ತಿರುತ್ತದೆ. ಕಲ್ಲುಗಣಿಯ ದಾರಿಯ ಒಂದು ಗುಂಡಿಯು ಆ ಅಂತರವನ್ನು ಇಲ್ಲವಾಗಿಸಬಲ್ಲದು. ಹಿಂದೆ ಸ್ಪಂಜಿನ ಹಾಸಿಗೆಯ ಮೇಲೆ ಡಿಸ್ಕನ್ನು ತೂಗುಹಾಕುತ್ತಿದ್ದರು. ಈಗ ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡು ಹಳೆಯ ಐಡಿಇ ಜೋಡಣೆಗೆ ಸಣ್ಣದೊಂದು ಅಡಾಪ್ಟರಿನ ಮೂಲಕ ಸರಿಯಾಗಿ ಒಪ್ಪುವುದರಿಂದ, ಚಲಿಸುವ ಭಾಗವೇ ಇಲ್ಲದ ಸಂಗ್ರಹವನ್ನು ಹಳೆಯ ಯಂತ್ರಕ್ಕೂ ಕೂಡಿಸಬಹುದು. ಬಿಸಿಲಿಗೆ ನಿಂತ ಗಾಡಿಯ ಡ್ಯಾಷ್‌ಬೋರ್ಡ್ ಕಾಯುವಷ್ಟು ಪೀಠದ ಕೆಳಗು ಕಾಯುವುದಿಲ್ಲ. ಯಂತ್ರದ ಸ್ಥಾನ ಅಲ್ಲಿ. ಈ ಪ್ರಾಂತದಲ್ಲಿ ಕಲ್ಲಿನ ಧೂಳು ಮಾತ್ರ ಎಲ್ಲೆಡೆಯೂ ಹೊಗುತ್ತದೆಯಾದ್ದರಿಂದ ಫ್ಯಾನಿನ ಬಾಯಿಗೆ ತೆಳುವಾದ ಬಟ್ಟೆಯನ್ನು ಕಟ್ಟಿ, ಆಗಾಗ ಒಗೆದು ಹಾಕಬೇಕು.

ಎಲ್ಲವೂ ಸಿದ್ಧವಾಗಿ ಮೊದಲ ಹಾಡು ಹೊಮ್ಮಿದಾಗ, ಆ ವ್ಯಾನಿನಲ್ಲಿ ಗಾಯಕನ ಧ್ವನಿಯ ಹಿಂದೆ ಸಣ್ಣ ಕೀರಲೊಂದು ಕೇಳಿತು. ಆಕ್ಸಿಲರೇಟರನ್ನು ಒತ್ತಿದಷ್ಟೂ ಕೀರಲು ಏರುತ್ತಿತ್ತು. ಯಂತ್ರವನ್ನು ಒಂದು ಕಡೆಯೂ ಆಂಪ್ಲಿಫೈಯರನ್ನು ಇನ್ನೊಂದು ಕಡೆಯೂ ಗಾಡಿಯ ಮೈಗೆ ಅರ್ತ್ ಮಾಡಿದ್ದುದರಿಂದ, ಎರಡು ಸ್ಥಳಗಳ ನಡುವಿನ ಅತ್ಯಲ್ಪ ವೋಲ್ಟೇಜಿನ ವ್ಯತ್ಯಾಸವು ಆಲ್ಟರ್ನೇಟರಿನ ಮಿಡಿತವನ್ನು ಹೊತ್ತುಕೊಂಡು ಧ್ವನಿಯ ತಂತಿಯೊಳಗೆ ನುಸುಳಿತ್ತು. ಮೆಕ್ಯಾನಿಕ್ಕನು ಎರಡು ಅರ್ತ್ ತಂತಿಗಳನ್ನೂ ಬಿಚ್ಚಿ, ಬಣ್ಣವನ್ನು ಕೆರೆದು ಹೊಳಪೇರಿಸಿದ ಒಂದೇ ಬೋಲ್ಟಿನ ಕೆಳಗೆ ಒತ್ತಿ ಬಿಗಿದು, ಧ್ವನಿಯ ತಂತಿಗಳನ್ನು ವಿದ್ಯುತ್ ತಂತಿಗಳ ಸಂಗದಿಂದ ಬಿಡಿಸಿ ಗಾಡಿಯ ಎದುರು ಬದಿಯಿಂದ ಹಾಯಿಸಿದನು. ಕೀರಲು ಅಡಗಿತು. ಸಿದ್ಧ ಸ್ಟೀರಿಯೋವನ್ನು ಕೊಂಡು ಸಿಕ್ಕಿಸಿದವನಿಗೆ ಈ ಬಗೆಯ ಶ್ರವಣಶಿಕ್ಷಣ ಎಂದಿಗೂ ದೊರೆಯಲಾರದು.

ಚಾಲಕನು ಪರದೆಯನ್ನು ನೋಡತಕ್ಕದ್ದಲ್ಲ. ಆ ವ್ಯಾನಿನಲ್ಲಿ ಪರದೆಯನ್ನೇ ಕಳಚಿ ಹಾಕಿ, ಲೆಕ್ಕಪತ್ರದವರು ಬಳಸುವ ಅಂಕಿಗಳ ಸಣ್ಣ ಕೀಲಿಮಣೆಯನ್ನು ಗೇರಿನ ಪಕ್ಕಕ್ಕೆ ಬಿಗಿದಿದ್ದಾರೆ. 5ರ ಕೀಲಿಯ ಮೇಲಿರುವ ಉಬ್ಬನ್ನು ಬೆರಳು ಕಂಡುಕೊಂಡರೆ ಮಿಕ್ಕ ಕೀಲಿಗಳು ಕತ್ತಲೆಯಲ್ಲಿಯೂ ತಿಳಿಯುತ್ತವೆ. ಒಂದೊಂದು ಅಂಕಿಗೆ ಒಂದೊಂದು ಸಂಗ್ರಹ: 1ಕ್ಕೆ ಬೆಳಗಿನ ಸುಪ್ರಭಾತ ದೇವರನಾಮಗಳು, 2ಕ್ಕೆ ರಾಜಕುಮಾರರ ಹಾಡುಗಳು, 3ಕ್ಕೆ ಭಾವಗೀತೆ, 4ಕ್ಕೆ ತೆಲುಗು, ದೇವನಹಳ್ಳಿ ಚಿಕ್ಕಬಳ್ಳಾಪುರಗಳ ಕಡೆಯ ಮನೆಮಾತುಗಳಲ್ಲಿ ತೆಲುಗು ಕನ್ನಡಗಳೆರಡೂ ಬೆರೆತಿರುವುದರಿಂದ ಇದಿಲ್ಲದೆ ಈ ದಾರಿಯ ಸಂಗ್ರಹ ಪೂರ್ಣವಾಗದು. ಹಾಡಿನ ಹೆಸರನ್ನು ಕನ್ನಡದಲ್ಲಿಯೇ ನುಡಿಸಬೇಕೆನ್ನುವವರಿಗೆ ಇಸ್ಪೀಕ್ ಎಂಬ ಉಚಿತ ತಂತ್ರಾಂಶವಿದೆ. ಯೂನಿಕೋಡಿನಲ್ಲಿ ಕನ್ನಡ ಲಿಪಿಯಿಂದ ಬರೆದಿಟ್ಟ ಹೆಸರನ್ನು, ಸ್ವರವು ತುಸು ಯಾಂತ್ರಿಕವಾದರೂ, ಅದು ಓದಿ ಹೇಳುತ್ತದೆ, ಮತ್ತು ಹಳೆಯ ಯಂತ್ರಕ್ಕೆ ಅದರಿಂದ ಹೊರೆಯೆನಿಸುವುದಿಲ್ಲ.

ಇಷ್ಟು ಶ್ರಮವೇಕೆಂಬ ಪ್ರಶ್ನೆಗೆ ಈಗ ಬರುವೆನು. ಬೆಂಗಳೂರಿನ ಹಲವು ಮನೆಗಳಲ್ಲಿ ಒಂದು ಕಾಲಕ್ಕೆ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋ ಇದ್ದಿತು. ಅದರಲ್ಲಿ ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’ ಎಂಬ ವಾಹಿನಿಗಳು ದಿನವಿಡೀ ನುಡಿಯುತ್ತಿದ್ದವು. 2009ರ ಕೊನೆಗೆ ಸೇವೆಯು ನಿಂತಿತು. ಚಂದಾ ತೆತ್ತು ಪೆಟ್ಟಿಗೆ ಕೊಂಡವರಲ್ಲಿ ಪೆಟ್ಟಿಗೆ ಉಳಿಯಿತು, ಹಾಡು ಉಳಿಯಲಿಲ್ಲ. ಇಂದು ಮೊಬೈಲಿನ ಮೂಲಕ ತಿಂಗಳ ಬಾಡಿಗೆಗೆ ಕೇಳುವ ಸಂಗೀತವೂ ಅದೇ ಸ್ವಭಾವದ್ದು: ಘಾಟಿಯ ತಿರುವಿನಲ್ಲಿ ಸಿಗ್ನಲ್ ಹೋದೊಡನೆ ತೊದಲುತ್ತದೆ, ಬಾಡಿಗೆ ತಪ್ಪಿದೊಡನೆ ಮೌನ ತಾಳುತ್ತದೆ. ಪೀಠದ ಕೆಳಗಿನ ಯಂತ್ರದಲ್ಲಿರುವುದು ಒಬ್ಬನು ತನ್ನ ಜೀವಮಾನದಲ್ಲಿ ಆಯ್ದು, ಜೋಡಿಸಿ, ತನ್ನದಾಗಿಸಿಕೊಂಡ ಸಂಗೀತ. ಅದಕ್ಕಾಗಿ ಪಟ್ಟ ಶ್ರಮವು ಹೆಚ್ಚೆಂದು ನನಗೆ ತೋರುವುದಿಲ್ಲ.

ಸಾಮಗ್ರಿಗಳಿಗಾಗಿ ದೂರ ಅಲೆಯಬೇಕಾಗಿಲ್ಲ. ಹಳೆಯ ಯಂತ್ರವೂ ಕಾರ್ಡು ಅಡಾಪ್ಟರುಗಳೂ ಸಾದರ ಪತ್ರಪ್ಪ ರಸ್ತೆಯಲ್ಲಿ, ರಿಲೇ ಫ್ಯೂಸು ತಂತಿಗಳು ಜೆ. ಸಿ. ರಸ್ತೆಯಲ್ಲಿ ದೊರೆಯುತ್ತವೆ. ಕಳಚಿದ ಪರದೆ, ಸತ್ತ ಬ್ಯಾಟರಿ ಮುಂತಾದವುಗಳಲ್ಲಿ ಸೀಸ ಮೊದಲಾದ ವಿಷವಸ್ತುಗಳು ಇರಬಹುದಾದ್ದರಿಂದ ಅವುಗಳನ್ನು ಕೆರೆಯಂಗಳಕ್ಕೆ ಎಸೆಯದೆ, ದಾಬಸ್‌ಪೇಟೆಯ ಇ-ಪರಿಸರದಂತಹ ಅಧಿಕೃತ ಸಂಸ್ಥೆಗಳಿಗೆ ತಲುಪಿಸುವುದು ಕಸುಬಿನ ಅಂಗವೆಂದೇ ತಿಳಿಯಬೇಕು.

ಹೆಚ್ಚಿನ ಕಾಲವನ್ನು ಬೇಡುವುದು ಕ್ಯಾಸೆಟ್ಟುಗಳಿಂದ ಹಾಡನ್ನು ಇಳಿಸಿಕೊಳ್ಳುವ ಕೆಲಸ. ಟೇಪ್ ರೆಕಾರ್ಡರಿನ ಶಿರವನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರ ಇಯರ್‌ಫೋನ್ ಕಿಂಡಿಯಿಂದ ಗಣಕಯಂತ್ರದ ಲೈನ್-ಇನ್ ಕಿಂಡಿಗೆ ತಂತಿ ಹಾಕಿ ನುಡಿಸಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಇದಕ್ಕೆ ಅಡ್ಡದಾರಿಯಿಲ್ಲ. ಆ ವ್ಯಾನಿನ ಒಡೆಯರ ಮನೆಯಲ್ಲಿ ಟ್ರಂಕಿನ ತುಂಬ ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಕೆಲವು ಊರ ಜಾತ್ರೆಯ ಹರಿಕಥೆ, ಮನೆಯ ಮದುವೆಯಲ್ಲಿ ಮುತ್ತೈದೆಯರು ಹೇಳಿದ ಹಸೆಹಾಡು. ಮೊದಲು ಇವನ್ನು ಇಳಿಸಿಕೊಳ್ಳಿರೆಂದು ನಾನು ಅವರಿಗೆ ಹೇಳಿದೆನು. ಚಲನಚಿತ್ರಗೀತೆಗಳನ್ನು ಕೊನೆಗಿಡಬಹುದು, ಅವು ಬೇರೆಡೆಯೂ ದೊರೆಯುತ್ತವೆ.